ಕಾಮಠಿ ರಸ್ತೆಯ ಕೇಟರಿಂಗ್ ಗಾಡಿ ಮತ್ತು ನಾವೇ ತಿದ್ದಬಹುದಾದ ನಕ್ಷೆ

ಮದುವೆ ಮನೆಯ ಅಡುಗೆ ಒಪ್ಪಿಕೊಂಡ ಮೇಲೆ ನಮ್ಮ ಉದ್ಯಮದಲ್ಲಿ ನೆಪ ಹೇಳಲು ಬರುವುದಿಲ್ಲ ಎಂಬುದನ್ನು ಸದಸ್ಯ ಮಿತ್ರರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಅತಿಥಿಗಳು ತಟ್ಟೆ ಹಿಡಿದು ನಿಂತಿದ್ದಾರೆ, ಗಾಡಿ ಮಾತ್ರ ಬಂದಿಲ್ಲ ಎಂದರೆ ಆ ದಿನದ ಹಣದ ಜೊತೆಗೆ ಆ ಮನೆಯವರ ಬಳಗದಿಂದ ಬರಬೇಕಾದ ಮುಂದಿನ ಆರ್ಡರುಗಳೂ ಹೋದಂತೆ. ಬಿಸಿಯಾಗಿ ಬಡಿಸುವ ಪದಾರ್ಥವನ್ನು 60 ಡಿಗ್ರಿ ಸೆಲ್ಸಿಯಸ್‌ಗಿಂತ ಕೆಳಗೆ ಇಳಿಯಲು ಬಿಡಬಾರದೆಂದು ಆಹಾರ ಸುರಕ್ಷತೆಯ ನಿಯಮವೂ ಹೇಳುತ್ತದೆ. ಮುಚ್ಚಿದ ಪಾತ್ರೆಯಲ್ಲಿ ಸಾಂಬಾರು ಒಂದಷ್ಟು ಹೊತ್ತು ತಡೆಯುತ್ತದೆ. ಇಡ್ಲಿ ತಡೆಯುವುದಿಲ್ಲ, ಪೂರಿಯ ಮಾತಂತೂ ಬೇಡ.

ಈ ಹಿಂದೆ ಗಾಡಿ ದಾರಿ ತಪ್ಪಿದರೆ ಡ್ರೈವರ್ ಪಾನ್ ಅಂಗಡಿಯ ಮುಂದೆ ನಿಲ್ಲಿಸಿ ಕೇಳುತ್ತಿದ್ದ. ಈಗ ಕೇಳುವುದು ಮೊಬೈಲನ್ನು. ಆದ್ದರಿಂದ ಮೊಬೈಲಿನ ನಕ್ಷೆ ಎಷ್ಟು ಸರಿ ಇದೆ ಎಂಬುದು ನಮ್ಮ ವ್ಯಾಪಾರದ ಪ್ರಶ್ನೆಯೂ ಆಗಿದೆ. ಈ ಸಂಚಿಕೆಯಲ್ಲಿ ಅದರಲ್ಲೂ ಇಂಟರ್‌ನೆಟ್ ಇಲ್ಲದೆಯೂ ಕೆಲಸ ಮಾಡುವ ಆಫ್‌ಲೈನ್ ನಕ್ಷೆಗಳ ವಿಷಯವನ್ನು ಎತ್ತಿಕೊಂಡಿದ್ದೇವೆ. ಉದಾಹರಣೆಗೆ ನಾಗಪುರದ ಪಕ್ಕದ ಕಾಮಠಿಯನ್ನೇ ಆರಿಸಿಕೊಂಡಿದ್ದೇವೆ. ಏಕೆಂದರೆ ಮೊಬೈಲ್ ನಕ್ಷೆಯನ್ನು ಪರೀಕ್ಷಿಸಲು ಇಷ್ಟು ತೊಡಕುಗಳು ಒಟ್ಟಿಗೆ ಸಿಗುವ ಊರು ಕಡಿಮೆ.

ದಂಡಿನ ಊರು, ಮೂರು ಅಂತಸ್ತಿನ ದಾರಿ

ಕಾಮಠಿ ಇರುವುದು ನಾಗಪುರದಿಂದ ಈಶಾನ್ಯಕ್ಕೆ ಸುಮಾರು 16 ಕಿಲೋಮೀಟರ್ ದೂರದಲ್ಲಿ, ಕನ್ಹಾನ್ ನದಿಯ ದಂಡೆಯ ಮೇಲೆ. 1821ರಲ್ಲಿ ಬ್ರಿಟಿಷರು ಇಲ್ಲಿ ದಂಡು ಇಳಿಸಿದರು. ಇಂದಿಗೂ ಬ್ರಿಗೇಡ್ ಆಫ್ ದ ಗಾರ್ಡ್ಸ್ ರೆಜಿಮೆಂಟಿನ ಕೇಂದ್ರ ಇಲ್ಲಿದೆ. 1999ರಲ್ಲಿ ತೆರೆದ ಡ್ರ್ಯಾಗನ್ ಪ್ಯಾಲೇಸ್ ಬೌದ್ಧ ಮಂದಿರವನ್ನು ನೋಡಲು ಬರುವ ಯಾತ್ರಿಕರಿಂದ ಊರಿಗೆ ಇನ್ನೊಂದು ಹೆಸರೂ ಬಂದಿದೆ. ಬೆಳಗಾವಿಯ ಕ್ಯಾಂಪ್ ಪ್ರದೇಶವನ್ನು ನೋಡಿದವರಿಗೆ ಇಲ್ಲಿನ ರಸ್ತೆಗಳ ಸ್ವಭಾವ ತಕ್ಷಣ ಅರ್ಥವಾಗುತ್ತದೆ: ಮರಗಳ ನಡುವೆ ನೇರವಾದ ಅಗಲ ರಸ್ತೆ, ಕೊನೆಯಲ್ಲಿ ಒಂದು ಗೇಟು, ಗೇಟಿನಲ್ಲಿ ಒಬ್ಬ ಜವಾನ.

ಈ ಗೇಟೇ ಮೊದಲನೆಯ ತೊಡಕು. ನಕ್ಷೆಯಲ್ಲಿ ರಸ್ತೆ ಇದೆ ಎಂದಷ್ಟೇ ದಾಖಲಾಗಿ, ಅದಕ್ಕೆ ಅಡ್ಡಲಾಗಿ ಗೇಟಿದೆ, ಹೊರಗಿನ ವಾಹನಕ್ಕೆ ಪ್ರವೇಶವಿಲ್ಲ ಎಂಬ ಸಂಗತಿ ದಾಖಲಾಗದಿದ್ದರೆ, ಮೊಬೈಲ್ ಅದನ್ನೇ ಹತ್ತಿರದ ದಾರಿ ಎಂದು ತೋರಿಸುತ್ತದೆ. ಲೆಕ್ಕದ ಪ್ರಕಾರ ಅದು ಸರಿಯೇ. ಆಮೇಲೆ ಮಾಲೀಕರಿಗೆ ಫೋನ್ ಬರುತ್ತದೆ: “ಅಣ್ಣಾ, ಮ್ಯಾಪು ಗೇಟಿನ ಎದುರು ತಂದು ನಿಲ್ಲಿಸಿದೆ, ಒಳಗೆ ಬಿಡ್ತಾ ಇಲ್ಲ. ಹಿಂದೆ ತಿರುಗಿಸ್ಲಾ?” ಕಂಟೋನ್ಮೆಂಟ್ ಇರುವ ಯಾವುದೇ ಊರಿನಲ್ಲಿ ಕೇಟರಿಂಗ್ ಮಾಡಿದವರು ಈ ಮಾತನ್ನು ಒಮ್ಮೆಯಾದರೂ ಕೇಳಿರುತ್ತಾರೆ.

ಎರಡನೆಯದು ಹೊಸ ಮೇಲ್ಸೇತುವೆ. ನಾಗಪುರದ ಎಲ್‌ಐಸಿ ಚೌಕದಿಂದ ಆಟೊಮೋಟಿವ್ ಚೌಕದವರೆಗೆ ಕಾಮಠಿ ರಸ್ತೆಯ ಮೇಲೆ ಸುಮಾರು 5.6 ಕಿಲೋಮೀಟರ್ ಉದ್ದದ ಡಬಲ್ ಡೆಕ್ಕರ್ ಸೇತುವೆ 2024ರ ಅಕ್ಟೋಬರ್‌ನಲ್ಲಿ ಸಂಚಾರಕ್ಕೆ ತೆರೆಯಿತು. ನೆಲದ ಮೇಲೆ ಹಳೆಯ ರಸ್ತೆ, ಅದರ ಮೇಲೆ ವಾಹನಗಳ ಫ್ಲೈಓವರ್, ಅದಕ್ಕೂ ಮೇಲೆ ಮೆಟ್ರೊ. ಗಡ್ಡಿಗೋದಾಮಿನ ಬಳಿಯಂತೂ ರೈಲ್ವೆ ಹಳಿಯೂ ಸೇರಿ ನಾಲ್ಕು ಅಂತಸ್ತು. ನೋಡಲು ಬೆರಗು ಹುಟ್ಟಿಸುವ ಕಟ್ಟೋಣ, ಅದರಲ್ಲಿ ಎರಡು ಮಾತಿಲ್ಲ. ಆದರೆ ಜಿಪಿಎಸ್‌ಗೆ ಇದು ದೊಡ್ಡ ಗೊಂದಲ. ಮೊಬೈಲಿನ ಜಿಪಿಎಸ್ ನಾವು ಪೂರ್ವ-ಪಶ್ಚಿಮ, ಉತ್ತರ-ದಕ್ಷಿಣದಲ್ಲಿ ಎಲ್ಲಿದ್ದೇವೆಂಬುದನ್ನು ಕೆಲವು ಮೀಟರುಗಳೊಳಗೆ ಹೇಳುತ್ತದೆ. ಎತ್ತರದ ಲೆಕ್ಕದಲ್ಲಿ ಅಷ್ಟು ನಿಖರತೆ ಇಲ್ಲ. ಗಾಡಿ ಕೆಳಗಿನ ರಸ್ತೆಯಲ್ಲಿದೆಯೋ ಮೇಲಿನ ಸೇತುವೆಯಲ್ಲಿದೆಯೋ ಎಂದು ಮೊಬೈಲ್ ಊಹಿಸಬೇಕಾಗುತ್ತದೆ. ಊಹೆಗೆ ಆಧಾರ ನಕ್ಷೆ ಮಾತ್ರ. ಸೇತುವೆಗೆ ಹತ್ತುವ ಜಾಗ ಎಲ್ಲಿ, ಇಳಿಯುವ ಜಾಗ ಎಲ್ಲಿ, ಯಾವುದು ಮೇಲಿನ ಪದರ, ಯಾವುದು ಕೆಳಗಿನದು ಎಂಬುದು ನಕ್ಷೆಯಲ್ಲಿ ಸರಿಯಾಗಿ ಬರೆದಿದ್ದರೆ ಹತ್ತುವ ಮುಂಚೆಯೇ ಎಚ್ಚರಿಸುತ್ತದೆ. ಇಲ್ಲವಾದರೆ ಇಂದೋರಾದ ಕಡೆಯ ಮಂಗಲ ಕಾರ್ಯಾಲಯಕ್ಕೆ ಹೊರಟ ಗಾಡಿ ಸೇತುವೆ ಹತ್ತಿ, ತಲುಪಬೇಕಾದ ಜಾಗವನ್ನು ಕೆಳಗೆ ನೋಡುತ್ತಾ ಮುಂದೆ ಸಾಗುತ್ತದೆ.

2024ರ ಅಕ್ಟೋಬರ್‌ಗೆ ಮುಂಚೆ ಇಳಿಸಿಕೊಂಡ ಆಫ್‌ಲೈನ್ ನಕ್ಷೆಯನ್ನು ಹೊಸದು ಮಾಡದೆ ಇಟ್ಟುಕೊಂಡವರ ಮೊಬೈಲಿನಲ್ಲಿ ಈ ಸೇತುವೆ ತೆರೆದ ದಾರಿಯಾಗಿ ಇರಲು ಸಾಧ್ಯವೇ ಇಲ್ಲ. ಇನ್ನು ಆಟೊಮೋಟಿವ್ ಚೌಕದಿಂದ ಕನ್ಹಾನ್ ನದಿಯವರೆಗೆ ಮೆಟ್ರೊ ವಿಸ್ತರಿಸುವುದು 2022ರ ಡಿಸೆಂಬರ್‌ನಲ್ಲಿ ಕೇಂದ್ರ ಸಂಪುಟ ಒಪ್ಪಿದ ಎರಡನೆಯ ಹಂತದ ಯೋಜನೆಯಲ್ಲೇ ಸೇರಿದೆ. ಇಂಥ ಕಾಮಗಾರಿ ಎಂದರೆ ರಸ್ತೆ ಮಧ್ಯೆ ತಗಡಿನ ಬೇಲಿ, ಇಂದು ಒಂದು ಕಡೆ ತಿರುವು, ನಾಳೆ ಇನ್ನೊಂದು ಕಡೆ ಎಂಬುದನ್ನು ಬೆಂಗಳೂರಿನವರಿಗೆ ವಿವರಿಸಬೇಕಾಗಿಲ್ಲ.

ಮೂರನೆಯದು ಹೆಸರು. ಇಂಗ್ಲಿಷಿನಲ್ಲಿ ಹಳೆಯ ಬರಹ ಕ್ಯಾಂಪ್ಟಿ, ಈಗಿನ ಬರಹ ಕಾಮ್ಠಿ. ಮರಾಠಿಯಲ್ಲಿ ಕಾಮಠಿ. ನಮ್ಮ ಹುಡುಗರು ಮಾತಿನಲ್ಲಿ ಕಾಮಟಿ ಎನ್ನುತ್ತಾರೆ. ಮುಂಬಯಿಯಲ್ಲಿ ಒಂದು ಕಾಮಾಠಿಪುರವೂ ಉಂಟಲ್ಲ! ಆಫ್‌ಲೈನ್ ನಕ್ಷೆಯ ಹುಡುಕಾಟ ದೊಡ್ಡ ಕಂಪೆನಿಗಳ ಕಂಪ್ಯೂಟರನ್ನು ಕೇಳುವುದಿಲ್ಲ, ಮೊಬೈಲಿನೊಳಗಿನ ಪಟ್ಟಿಯನ್ನಷ್ಟೇ ಹುಡುಕುತ್ತದೆ. ಅಕ್ಷರದಲ್ಲಿ ಸಣ್ಣ ವ್ಯತ್ಯಾಸವನ್ನು ಅದು ಸಹಿಸಿಕೊಂಡೀತು, ಆದರೆ ಕ್ಯಾಂಪ್ಟಿ ಎಂಬುದೂ ಕಾಮಠಿ ಎಂಬುದೂ ಒಂದೇ ಊರೆಂದು ತಾನಾಗಿ ತಿಳಿಯಲಾರದು. ಅದನ್ನು ಯಾರಾದರೂ ಬರೆದಿಟ್ಟಿರಬೇಕು.

ಇಂಟರ್‌ನೆಟ್ ಇಲ್ಲದೆ ದಾರಿ ಹೇಗೆ ತಿಳಿಯುತ್ತದೆ?

ಹಲವು ಮಿತ್ರರಲ್ಲಿ ಒಂದು ತಪ್ಪು ತಿಳಿವಳಿಕೆ ಇದೆ. ಡೇಟಾ ಪ್ಯಾಕ್ ಮುಗಿದರೆ ಜಿಪಿಎಸ್ ಕೂಡ ನಿಲ್ಲುತ್ತದೆ ಎಂದುಕೊಂಡಿರುತ್ತಾರೆ. ಹಾಗಲ್ಲ. ಉಪಗ್ರಹಗಳು ಸದಾ ಸಂಕೇತ ಕಳಿಸುತ್ತಿರುತ್ತವೆ, ಮೊಬೈಲ್ ಅದನ್ನು ರೇಡಿಯೊದಂತೆ ಕೇಳಿಸಿಕೊಳ್ಳುತ್ತದೆ ಅಷ್ಟೆ. ಅಮೆರಿಕದ ಜಿಪಿಎಸ್ ಜೊತೆಗೆ ನಮ್ಮ ಇಸ್ರೊದ ನಾವಿಕ್ ವ್ಯವಸ್ಥೆಯ ಸಂಕೇತವನ್ನೂ ಈಗಿನ ಹಲವು ಮೊಬೈಲುಗಳು ಹಿಡಿಯುತ್ತವೆ. ಇಂಟರ್‌ನೆಟ್ ಬೇಕಾಗುವುದು ನಕ್ಷೆಯ ಚಿತ್ರವನ್ನು ತರಿಸಿಕೊಳ್ಳಲು ಮತ್ತು ಟ್ರಾಫಿಕ್ ತಿಳಿಯಲು. ನಕ್ಷೆಯನ್ನು ಮೊದಲೇ ಇಳಿಸಿಟ್ಟುಕೊಂಡರೆ ದಾರಿಯ ಲೆಕ್ಕವನ್ನು ಮೊಬೈಲೇ ಹಾಕುತ್ತದೆ.

ಒಂದು ವಿಷಯ ಮಾತ್ರ ನೆನಪಿಡಬೇಕು. ನೆಟ್‌ವರ್ಕ್ ಇದ್ದಾಗ ಉಪಗ್ರಹಗಳು ಎಲ್ಲಿವೆ ಎಂಬ ಪಟ್ಟಿಯನ್ನು ಮೊಬೈಲ್ ಇಂಟರ್‌ನೆಟ್‌ನಿಂದ ಬೇಗ ಪಡೆಯುತ್ತದೆ. ಇಲ್ಲದಾಗ ಉಪಗ್ರಹದಿಂದಲೇ ನಿಧಾನವಾಗಿ ಕೇಳಿಸಿಕೊಳ್ಳಬೇಕು. ಆದ್ದರಿಂದ ಗಾಡಿಯನ್ನು ಅಡುಗೆಮನೆಯ ಶೀಟಿನ ಕೆಳಗಿನಿಂದ ಬಯಲಿಗೆ ತಂದು, ಒಂದೆರಡು ನಿಮಿಷ ಕಾದು, ನೀಲಿ ಚುಕ್ಕೆ ನಿಂತ ಮೇಲೆ ಹೊರಡಲು ಡ್ರೈವರಿಗೆ ಹೇಳಿ.

ಕಾಮಠಿಯಂಥ ಕಡೆ ಆಫ್‌ಲೈನ್ ಏಕೆ ಎಂದು ಕೇಳಬಹುದು. ಊರೊಳಗೆ ಅಷ್ಟಾಗಿ ಬೇಕಾಗದಿರಬಹುದು. ಆದರೆ ಕನ್ಹಾನ್ ದಾಟಿ 44ನೇ ರಾಷ್ಟ್ರೀಯ ಹೆದ್ದಾರಿಯಲ್ಲಿ ಉತ್ತರಕ್ಕೆ ಹೊರಟರೆ ಪೆಂಚ್ ಕಾಡು ಬರುತ್ತದೆ. ಅಲ್ಲಿಯ ರೆಸಾರ್ಟುಗಳಿಗೆ ಅಡುಗೆ ಒಯ್ಯುವವರು ಸಿಗ್ನಲ್ ನಂಬಿಕೊಂಡು ಹೊರಡುವಂತಿಲ್ಲ. ಇದೇ ಹೆದ್ದಾರಿ ದಕ್ಷಿಣಕ್ಕೆ ಹೈದರಾಬಾದ್ ಮೂಲಕ ನಮ್ಮ ಬೆಂಗಳೂರಿಗೂ ಬರುತ್ತದೆ. ಕರ್ನಾಟಕದಿಂದ ಕಾಫಿಪುಡಿ, ಬ್ಯಾಡಗಿ ಮೆಣಸಿನಕಾಯಿ ತರಿಸುವವರ ಲಾರಿಯೂ ಇದೇ ದಾರಿ ಹಿಡಿಯುತ್ತದೆ.

ನಕ್ಷೆ ಬರೆಯುವವರು ಯಾರು?

ಆಫ್‌ಲೈನ್ ನಕ್ಷೆಗಳಲ್ಲಿ ಹೆಚ್ಚಿನವು ಓಪನ್‌ಸ್ಟ್ರೀಟ್‌ಮ್ಯಾಪ್ ಎಂಬ ಒಂದೇ ಮೂಲದಿಂದ ಬರುತ್ತವೆ. 2004ರಲ್ಲಿ ಇಂಗ್ಲೆಂಡಿನಲ್ಲಿ ಸ್ಟೀವ್ ಕೋಸ್ಟ್ ಆರಂಭಿಸಿದ ಯೋಜನೆ ಇದು. ವಿಕಿಪೀಡಿಯದಂತೆ ಯಾರು ಬೇಕಾದರೂ ಸೇರಿಸಬಹುದು, ತಿದ್ದಬಹುದು, ಬಳಸಬಹುದು. ನಮ್ಮಲ್ಲೂ ಇದರ ಆಸಕ್ತರಿದ್ದಾರೆ. 2018ರ ನವೆಂಬರ್‌ನಲ್ಲಿ ಇದರ ಏಷ್ಯಾ ಸಮ್ಮೇಳನ ಬೆಂಗಳೂರಿನಲ್ಲೇ ನಡೆಯಿತು. ಈ ನಕ್ಷೆಯನ್ನು ತೆಗೆದುಕೊಂಡು ಮೊಬೈಲಿಗೆ ಇಳಿಸಿಕೊಡುವ ತಂತ್ರಾಂಶಗಳಲ್ಲಿ 2010ರಲ್ಲಿ ಶುರುವಾದ ಆಸ್ಮ್‌ಆಂಡ್ ಒಂದು. 2011ರಲ್ಲಿ ಮ್ಯಾಪ್ಸ್‌ವಿತ್‌ಮಿ ಎಂಬ ಹೆಸರಿನಲ್ಲಿ ಬಂದು ಮುಂದೆ ಮ್ಯಾಪ್ಸ್ ಡಾಟ್ ಮಿ ಆದದ್ದು ಇನ್ನೊಂದು.

ಈ ಎರಡನೆಯದರ ಕಥೆ ಹೋಟೆಲಿನವರಿಗೆ ಸ್ವಾರಸ್ಯವಾದೀತು. 2014ರಲ್ಲಿ ರಷ್ಯದ ಮೇಲ್ ಡಾಟ್ ಆರ್‌ಯು ಸಂಸ್ಥೆ ಅದನ್ನು ಕೊಂಡಿತು, 2015ರಲ್ಲಿ ಅದರ ತಂತ್ರಾಂಶದ ಬರಹವನ್ನು ಎಲ್ಲರಿಗೂ ಮುಕ್ತವಾಗಿಸಿತು. 2020ರ ಕೊನೆಯಲ್ಲಿ ಮತ್ತೆ ಬೇರೆಯವರಿಗೆ ಮಾರಿತು. ಹೊಸ ಮಾಲೀಕರು ತಂದ ಬದಲಾವಣೆಗಳು ಹಳೆಯ ಬಳಕೆದಾರರಿಗೆ ಹಿಡಿಸಲಿಲ್ಲ. ಮೊದಲು ಅದನ್ನು ಕಟ್ಟಿದವರಲ್ಲೇ ಕೆಲವರು ಮುಕ್ತವಾಗಿದ್ದ ಆ ಬರಹವನ್ನು ಎತ್ತಿಕೊಂಡು 2021ರಲ್ಲಿ ಆರ್ಗ್ಯಾನಿಕ್ ಮ್ಯಾಪ್ಸ್ ತೆರೆದರು. 2025ರಲ್ಲಿ ಅದರಿಂದಲೂ ಒಂದು ಗುಂಪು ಹೊರಬಂದು ಕೋಮ್ಯಾಪ್ಸ್ ಮಾಡಿತು. ಅಡುಗೆ ಭಟ್ಟರು ಹೊರಬಂದು ಎದುರಿಗೇ ಹೊಸ ಹೋಟೆಲ್ ತೆರೆಯುವುದನ್ನು ನಾವು ಕಂಡಿಲ್ಲವೇ? ಇಲ್ಲಿ ಒಂದೇ ವಿಶೇಷ: ಎಲ್ಲರಿಗೂ ಅಕ್ಕಿ-ಬೇಳೆ ಒಂದೇ ಉಗ್ರಾಣದಿಂದ. ನಾವು ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಒಂದು ಗೇಟನ್ನು ಸರಿಪಡಿಸಿದರೆ ಈ ಎಲ್ಲ ತಂತ್ರಾಂಶಗಳಿಗೂ ಅದು ಹೋಗಿ ಸೇರುತ್ತದೆ. ಗೂಗಲ್‌ಗೆ ಕೊಟ್ಟ ತಿದ್ದುಪಡಿ ಗೂಗಲ್‌ನಲ್ಲಿ, ಮ್ಯಾಪ್‌ಮೈಇಂಡಿಯಾದವರ ಮ್ಯಾಪಲ್ಸ್‌ಗೆ ಕೊಟ್ಟದ್ದು ಅಲ್ಲಿ ಉಳಿಯುತ್ತದೆ. ಅವರವರ ಬಾಗಿಲು ಬೇರೆ ಬೇರೆ, ಆ ಬಾಗಿಲುಗಳನ್ನೂ ತಟ್ಟಬೇಕಾದದ್ದೇ.

ಭಾರತೀಯರ ಅನಿಸಿಕೆಯಿಂದ ಗೂಗಲ್ ನಕ್ಷೆಯೂ ಬದಲಾಗಿದೆ. ಎಡಕ್ಕೆ ಇಂಥ ರಸ್ತೆ, ಬಲಕ್ಕೆ ಇಂಥ ರಸ್ತೆ ಎಂದು ಹೇಳಿದರೆ ನಮ್ಮವರಿಗೆ ಉಪಯೋಗವಿಲ್ಲ, ರಸ್ತೆಯ ಹೆಸರು ಯಾರಿಗೆ ಗೊತ್ತು? ದೇವಸ್ಥಾನ ದಾಟಿ, ಪೆಟ್ರೋಲ್ ಬಂಕ್ ಎದುರು ತಿರುಗಿ ಎಂದು ಹೇಳುವುದೇ ನಮ್ಮ ರೂಢಿ. ಜನರನ್ನು ಕೇಳಿ ತಿಳಿದುಕೊಂಡ ಮೇಲೆ 2009ರ ಡಿಸೆಂಬರ್‌ನಲ್ಲಿ ಗೂಗಲ್ ಭಾರತದ ನಕ್ಷೆಯಲ್ಲಿ ಗುರುತಿನ ಸ್ಥಳಗಳನ್ನು ಸೇರಿಸಿ ದಾರಿ ಹೇಳತೊಡಗಿತು. ಅದಕ್ಕೂ ಮುಂಚೆ, 2008ರಲ್ಲಿ, ಜನರೇ ನಕ್ಷೆ ಬರೆಯುವ ಮ್ಯಾಪ್ ಮೇಕರ್ ಎಂಬ ಸೌಲಭ್ಯ ಬಂದಿತ್ತು. ಅದರ ಹಿಂದೆ ಗೂಗಲ್‌ನ ಬೆಂಗಳೂರು ಕಚೇರಿಯ ಲಲಿತೇಶ್ ಕತ್ರಗಡ್ಡ ಅವರ ಕೆಲಸವಿತ್ತು. ಆದರೆ 2015ರಲ್ಲಿ ಯಾರೋ ಕಿಡಿಗೇಡಿ ಪಾಕಿಸ್ತಾನದ ರಾವಲ್ಪಿಂಡಿಯ ಹತ್ತಿರ ಆಂಡ್ರಾಯ್ಡ್ ಗೊಂಬೆ ಆ್ಯಪಲ್ ಕಂಪೆನಿಯ ಗುರುತಿನ ಮೇಲೆ ಮೂತ್ರ ಮಾಡುವ ಚಿತ್ರವನ್ನು ನಕ್ಷೆಯಲ್ಲೇ ಬರೆದುಬಿಟ್ಟ. ಸೇವೆಯನ್ನು ಕೆಲವು ತಿಂಗಳು ನಿಲ್ಲಿಸಬೇಕಾಯಿತು. 2017ರಲ್ಲಿ ಅದು ಪೂರ್ತಿ ಮುಚ್ಚಿತು.

ಮ್ಯಾಪ್ಸ್ ಡಾಟ್ ಮಿ ಕೂಡ 2016ರಲ್ಲಿ ಮೊಬೈಲಿನಿಂದಲೇ ತಿದ್ದುವ ಸೌಲಭ್ಯ ಕೊಟ್ಟಾಗ ಬೇರೊಂದು ತಾಪತ್ರಯ ಎದುರಾಯಿತು. ತಮ್ಮ ನೆನಪಿಗೆಂದು ‘ನನ್ನ ಮನೆ’, ‘ನಮ್ಮ ರೂಮು’ ಎಂಬ ಗುರುತುಗಳನ್ನು ಜನ ಇಡೀ ಜಗತ್ತು ನೋಡುವ ನಕ್ಷೆಗೆ ಸೇರಿಸಿಬಿಟ್ಟರು. ಸ್ವಯಂಸೇವಕರು ಅವನ್ನು ಹುಡುಕಿ ಅಳಿಸಬೇಕಾಯಿತು. ನಮ್ಮ ಡ್ರೈವರ್ ಹುಡುಗರಿಗೆ ಇದನ್ನು ಹೇಳಿಕೊಡುವುದು ಒಳ್ಳೆಯದು. ತನಗೆ ಬೇಕಾದ ಗುರುತನ್ನು ಬುಕ್‌ಮಾರ್ಕ್‌ನಲ್ಲಿ ಇಟ್ಟುಕೊಳ್ಳಲಿ.

ತಪ್ಪು ಕಂಡರೆ ಹೇಳುವುದು ಹೇಗೆ?

ಇಲ್ಲಿ ಸ್ವಲ್ಪ ವಿವರವಾಗಿ ಬರೆಯುತ್ತೇವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ಖಾತೆ ತೆರೆಯಲು ದುಡ್ಡಿಲ್ಲ. ಆರ್ಗ್ಯಾನಿಕ್ ಮ್ಯಾಪ್ಸ್‌ನಲ್ಲಿ ಆ ಖಾತೆಯಿಂದ ಪ್ರವೇಶಿಸಿದರೆ ಹೋಟೆಲ್, ಅಂಗಡಿ, ಕಲ್ಯಾಣ ಮಂಟಪಗಳ ಹೆಸರು, ವೇಳೆ, ಫೋನ್ ನಂಬರನ್ನು ನೇರವಾಗಿ ತಿದ್ದಬಹುದು. ರಸ್ತೆಯನ್ನು ಅದರಲ್ಲಿ ಎಳೆಯಲು ಬರುವುದಿಲ್ಲ. ರಸ್ತೆ, ಗೇಟು, ಏಕಮುಖ ಸಂಚಾರದ ತಪ್ಪಿದ್ದರೆ ‘ನೋಟ್’ ಬರೆದು ಬಿಡಬೇಕು. ಆ ಪ್ರದೇಶದ ಸ್ವಯಂಸೇವಕರು ಅದನ್ನು ಓದಿ ಸರಿಪಡಿಸುತ್ತಾರೆ. ಆಸ್ಮ್‌ಆಂಡ್‌ನಲ್ಲಿ ಒಂದು ಅನುಕೂಲವಿದೆ: ಸಿಗ್ನಲ್ ಇಲ್ಲದ ಕಡೆಯೂ ನೋಟ್ ಬರೆದಿಟ್ಟು ಅಂಗಡಿಗೆ ವಾಪಸಾದ ಮೇಲೆ ಕಳಿಸಬಹುದು. ಆಂಡ್ರಾಯ್ಡ್ ಮೊಬೈಲುಗಳಿಗೆ ಸ್ಟ್ರೀಟ್‌ಕಂಪ್ಲೀಟ್ ಎಂಬುದೊಂದಿದೆ. ಅದು ತಾನೇ ಪ್ರಶ್ನೆ ಕೇಳುತ್ತದೆ, ಈ ಅಂಗಡಿ ಎಷ್ಟು ಗಂಟೆಗೆ ತೆರೆಯುತ್ತದೆ, ಈ ರಸ್ತೆಗೆ ಡಾಂಬರಿದೆಯೇ ಎಂದು. ನಾವು ಉತ್ತರ ಒತ್ತಿದರೆ ಸಾಕು.

ನೋಟ್ ಬರೆಯುವುದರಲ್ಲಿ ಒಂದು ಹದವಿದೆ. ‘ನಕ್ಷೆ ತಪ್ಪು, ಸರಿಮಾಡಿ’ ಎಂದು ಬರೆದರೆ ಯಾರಿಗೂ ಪ್ರಯೋಜನವಿಲ್ಲ. ಗಿರಾಕಿ ‘ಊಟ ಸರಿ ಇರಲಿಲ್ಲ’ ಎಂದು ಪುಸ್ತಕದಲ್ಲಿ ಬರೆದು ಹೋದರೆ ನಮಗೆ ಉಪ್ಪು ಹೆಚ್ಚಾಯಿತೋ ಅನ್ನ ಮುದ್ದೆಯಾಯಿತೋ ಹೇಗೆ ಗೊತ್ತಾಗಬೇಕು? ಹೀಗೆ ಬರೆಯಬಹುದು: “ಈ ಜಾಗದಲ್ಲಿ ರಸ್ತೆಗೆ ಅಡ್ಡಲಾಗಿ ಗೇಟಿದೆ. ಇಂಥ ತಾರೀಖು ಮಧ್ಯಾಹ್ನ ಸ್ವತಃ ಕಂಡದ್ದು. ಹೊರಗಿನ ವಾಹನ ಬಿಡುವುದಿಲ್ಲ, ನಡೆದು ಹೋಗುವವರನ್ನು ಬಿಡುತ್ತಾರೆ. ನಕ್ಷೆ ಕಾರಿಗೆ ಇದೇ ದಾರಿ ತೋರಿಸುತ್ತಿದೆ.” ಗುರುತನ್ನು ಗೇಟು ಇರುವ ಜಾಗದ ಮೇಲೇ ಇಡಬೇಕು, ನೂರು ಮೀಟರ್ ಆಚೆ ಇಟ್ಟರೆ ಇನ್ನೊಂದು ಗೇಟು ಮುಚ್ಚಿಹೋದೀತು. ಕನ್ನಡದಲ್ಲಿ ಬರೆದರೂ ತಪ್ಪಿಲ್ಲ. ಆದರೆ ನಾಗಪುರದ ಕಡೆ ಓದುವವರಿಗೆ ಹಿಂದಿ, ಮರಾಠಿ ಅಥವಾ ಇಂಗ್ಲಿಷ್ ಆದರೆ ಬೇಗ ಕೆಲಸವಾಗುತ್ತದೆ.

ಗಾಡಿಯ ಎತ್ತರವನ್ನೂ ಮರೆಯಬೇಡಿ. ಸಾಮಾನ್ಯವಾಗಿ ಈ ತಂತ್ರಾಂಶಗಳು ಕಾರನ್ನು ಮನಸ್ಸಿನಲ್ಲಿಟ್ಟುಕೊಂಡು ದಾರಿ ಹೇಳುತ್ತವೆ. ಮೇಲೆ ಟಾರ್ಪಾಲಿನ್ ಕಟ್ಟಿ, ಶಾಮಿಯಾನದ ಕಂಬ ಹೇರಿದ ಟೆಂಪೊ ರೈಲ್ವೆ ಕೆಳಸೇತುವೆಯಲ್ಲಿ ನುಗ್ಗುವುದಿಲ್ಲ. ಆಸ್ಮ್‌ಆಂಡ್‌ನಲ್ಲಿ ವಾಹನದ ಎತ್ತರ ನಮೂದಿಸುವ ಅವಕಾಶವಿದೆ. ಆದರೆ ಆ ಕೆಳಸೇತುವೆಯ ಎತ್ತರ ನಕ್ಷೆಯಲ್ಲಿ ದಾಖಲಾಗಿದ್ದರೆ ಮಾತ್ರ ಅದು ಉಪಯೋಗಕ್ಕೆ ಬರುತ್ತದೆ. ಸೇತುವೆಯ ಮೇಲೆ ಹಳದಿ ಫಲಕದಲ್ಲಿ ಮೀಟರ್ ಲೆಕ್ಕ ಬರೆದಿದ್ದರೆ ಅದನ್ನು ನೋಡಿ ನೋಟ್‌ನಲ್ಲಿ ಹಾಕಿ.

ಎರಡು ಕಟ್ಟುನಿಟ್ಟುಗಳಿವೆ. ಗೂಗಲ್ ನಕ್ಷೆಯನ್ನು ನೋಡಿಕೊಂಡು ಓಪನ್‌ಸ್ಟ್ರೀಟ್‌ಮ್ಯಾಪ್‌ಗೆ ಬರೆಯುವಂತಿಲ್ಲ, ಹಕ್ಕುಸ್ವಾಮ್ಯದ ತಕರಾರು ಬರುತ್ತದೆ. ಕಣ್ಣಾರೆ ಕಂಡದ್ದನ್ನೇ ಬರೆಯಬೇಕು. ಇನ್ನೊಂದು, ಕಾಮಠಿಯಂಥ ಊರಿನಲ್ಲಿ ಬಹಳ ಮುಖ್ಯವಾದದ್ದು: ಮಿಲಿಟರಿ ಪ್ರದೇಶದ ಒಳಗಿನದನ್ನು ಬರೆಯಲು ಹೋಗಬೇಡಿ. 2021ರ ಫೆಬ್ರವರಿಯಲ್ಲಿ ಕೇಂದ್ರ ಸರ್ಕಾರ ನಕ್ಷೆಗಳ ಮೇಲಿನ ಪೂರ್ವಾನುಮತಿಯ ನಿರ್ಬಂಧವನ್ನು ಬಹುಮಟ್ಟಿಗೆ ಸಡಿಲಿಸಿತು. ಆದರೂ ಸೂಕ್ಷ್ಮ ವಿವರಗಳಿಗೆ ನಿಷೇಧ ಉಳಿದೇ ಇದೆ. ಆಫೀಸರ್ಸ್ ಮೆಸ್‌ಗೆ ದೋಸೆ ಕೌಂಟರ್ ಹಾಕಲು ಅನುಮತಿ ಪಡೆದು ಒಳಗೆ ಹೋದವರು ಒಳಗಿನ ದಾರಿಯನ್ನು ನಕ್ಷೆಗೆ ಏರಿಸಿದರೆ ಮುಂದಿನ ಸಲ ಗೇಟಿನಲ್ಲೇ ನಿಲ್ಲಬೇಕಾದೀತು, ಅದಕ್ಕಿಂತ ದೊಡ್ಡ ತೊಂದರೆಯೂ ಆದೀತು. ಸಾರ್ವಜನಿಕ ರಸ್ತೆ ಎಲ್ಲಿಗೆ ಮುಗಿಯುತ್ತದೆ ಎಂದು ಹೇಳಿದರೆ ಸಾಕು. ಗೇಟಿನ ಫೋಟೊ ಕೂಡ ಬೇಡ.

ನಮ್ಮ ಹೋಟೆಲೂ ನಕ್ಷೆಯಲ್ಲಿ

ಸರಕು ಒಯ್ಯುವ ಗಾಡಿಯ ಮಾತಾಯಿತು. ಗಿರಾಕಿಯೂ ಇದೇ ನಕ್ಷೆ ನೋಡಿ ಬರುತ್ತಾನೆ. 44ನೇ ಹೆದ್ದಾರಿಯಲ್ಲಿ ಹೋಗುವ ಕುಟುಂಬವೊಂದು ಶುದ್ಧ ಸಸ್ಯಾಹಾರಿ ಊಟ ಎಲ್ಲಿ ಸಿಗುತ್ತದೆಂದು ಹುಡುಕುವಾಗ ನಮ್ಮ ಹೆಸರು ಬರಬೇಕಾದರೆ ಸಸ್ಯಾಹಾರಿ ಮಾತ್ರ ಎಂಬ ವಿವರ ನಕ್ಷೆಯಲ್ಲಿ ದಾಖಲಾಗಿರಬೇಕು. ಬೆಳಿಗ್ಗೆ ಎಷ್ಟಕ್ಕೆ ಬಾಗಿಲು, ಮಧ್ಯಾಹ್ನ ಮುಚ್ಚುತ್ತೀರೋ ಇಲ್ಲವೋ, ವಾರದ ರಜೆ ಯಾವತ್ತು ಎಂಬುದೂ ಇರಬೇಕು. ಮುಚ್ಚಿದ ಬಾಗಿಲಿನ ಮುಂದೆ ಬಂದು ನಿಂತ ಗಿರಾಕಿ ಎರಡನೆಯ ಸಲ ಬರುವುದಿಲ್ಲ. ಹೋಟೆಲಿನ ಹೆಸರನ್ನು ಬೋರ್ಡಿನಲ್ಲಿರುವಂತೆ ಹಾಕಿ, ಕನ್ನಡದ ಹೆಸರಿಗೆ ಬೇರೆ ಜಾಗವಿದೆ, ಅಲ್ಲಿ ಕನ್ನಡದಲ್ಲೇ ಬರೆಯಿರಿ. ‘ನಾಗಪುರದಲ್ಲೇ ನಂಬರ್ ಒನ್’ ಎಂಬ ಜಾಹೀರಾತನ್ನು ಸೇರಿಸಿದರೆ ಸ್ವಯಂಸೇವಕರು ಅಳಿಸುತ್ತಾರೆ, ಅವರ ಮೇಲೆ ಸಿಟ್ಟಾಗಬಾರದು.

ದೊಡ್ಡ ಲಾನ್‌ಗಳಿಗೆ ಎರಡು ಗೇಟುಗಳಿರುತ್ತವೆ. ದೀಪ ಹಾಕಿದ ಮುಂದಿನ ಗೇಟು ಮದುಮಕ್ಕಳಿಗೆ, ಹಿಂದಿನದು ನಮಗೆ. ನಕ್ಷೆಯ ಗುರುತು ಹೆಚ್ಚಾಗಿ ಮುಂದಿನ ಗೇಟಿಗೆ ಅಥವಾ ಬಯಲಿನ ನಟ್ಟನಡುವೆ ಇರುತ್ತದೆ. ಹಿಂದಿನ ಗೇಟನ್ನು ಪ್ರತ್ಯೇಕ ಪ್ರವೇಶವಾಗಿ ಸೇರಿಸಲು ನೋಟ್ ಬರೆಯಬಹುದು. ತುರ್ತಿಗೆ ಇನ್ನೊಂದು ದಾರಿ, 2025ರ ಮೇ ತಿಂಗಳಲ್ಲಿ ಅಂಚೆ ಇಲಾಖೆ ತಂದ ಡಿಜಿಪಿನ್. ದೇಶದ ನೆಲವನ್ನೆಲ್ಲ ಸುಮಾರು ನಾಲ್ಕು ಮೀಟರ್ ಚೌಕಗಳಾಗಿ ಹಂಚಿ ಪ್ರತಿಯೊಂದಕ್ಕೂ ಹತ್ತು ಅಕ್ಷರಗಳ ಸಂಕೇತ ಕೊಟ್ಟಿದ್ದಾರೆ. ಆರ್ಡರ್ ಹಿಡಿಯುವಾಗ ಲಾನ್‌ನ ವ್ಯವಸ್ಥಾಪಕರಿಂದ ಅಡುಗೆಯ ಗೇಟಿನ ಡಿಜಿಪಿನ್ ಬರೆಸಿಕೊಂಡು ಆರ್ಡರ್ ಫಾರಂನಲ್ಲೇ ಹಾಕುವುದನ್ನು ನಾವು ಶಿಫಾರಸು ಮಾಡುತ್ತೇವೆ.

ಅಂದಹಾಗೆ, ನಕ್ಷೆಗೂ ಈ ಸೀಮೆಗೂ ಹಳೆಯ ನಂಟು. 1800ರಲ್ಲಿ ಬೆಂಗಳೂರಿನ ಬಳಿ ಸರಪಳಿ ಹಿಡಿದು ನೆಲ ಅಳೆದ ವಿಲಿಯಂ ಲ್ಯಾಂಬ್ಟನ್, ಅಳೆಯುತ್ತಾ ಅಳೆಯುತ್ತಾ ಉತ್ತರಕ್ಕೆ ಸಾಗಿ 1823ರ ಜನವರಿಯಲ್ಲಿ ನಾಗಪುರದ ದಾರಿಯಲ್ಲೇ, ಹಿಂಗಣಘಾಟ್‌ನಲ್ಲಿ ತೀರಿಕೊಂಡರು. ಆ ಸರ್ವೆಯನ್ನು ನೆನಪಿಸುವ ಝೀರೊ ಮೈಲ್ ಕಲ್ಲು ನಾಗಪುರದ ಸೀತಾಬರ್ಡಿಯ ಬಳಿ ಇಂದಿಗೂ ನಿಂತಿದೆ. ಆ ಕಡೆ ಹೋದವರು ನೋಡಿ ಬರಬಹುದು.

ಕೊನೆಯದಾಗಿ ಕಾಲದ ಲೆಕ್ಕ. ನೋಟ್ ಬರೆದ ಮರುದಿನವೇ ಮೊಬೈಲಿನಲ್ಲಿ ಬದಲಾವಣೆ ಕಾಣುವುದಿಲ್ಲ. ಸ್ವಯಂಸೇವಕರು ನೋಡಬೇಕು, ತಿದ್ದಬೇಕು, ಆಮೇಲೆ ತಂತ್ರಾಂಶದವರು ಹೊಸ ನಕ್ಷೆಯ ಕಡತ ತಯಾರಿಸಬೇಕು. ಇದಕ್ಕೆ ಕೆಲವು ವಾರ ಹಿಡಿಯುತ್ತದೆ, ತಿಂಗಳಾದರೂ ಆಶ್ಚರ್ಯವಿಲ್ಲ. ವಿದರ್ಭದಲ್ಲಿ ತುಳಸಿ ಲಗ್ನ ಮುಗಿದೊಡನೆ ಮದುವೆಗಳ ಸುಗ್ಗಿ ಶುರು. ದಸರೆಯ ಹೊತ್ತಿಗೆ ನಿಮ್ಮ ಮಾಮೂಲು ಲಾನ್‌ಗಳ ಗೇಟು, ದಾರಿಗಳನ್ನು ನೋಡಿ ನೋಟ್ ಕಳಿಸಿದರೆ ಸರಿಹೋಗುತ್ತದೆ. ಹೊಸ ಕಡತವನ್ನು ಹೋಟೆಲಿನ ವೈಫೈನಲ್ಲಿ ಇಳಿಸಿಕೊಳ್ಳಿ, ಮಾಲೀಕರ ಮೊಬೈಲಿಗಲ್ಲ, ಗಾಡಿ ಓಡಿಸುವವನ ಮೊಬೈಲಿಗೆ.